ಮಾಸ್ಟೊಡಾನ್‌ನ ಮಾಲೀಕ ಯಾರು?

ಟ್ವಿಟರ್‌ನಂಥ ಸಾಮಾಜಿಕ ಜಾಲ ಮಾಸ್ಟೊಡಾನ್‌ನ ಮಾತು ಬಂದರೆ ಎರಡು ಪ್ರಶ್ನೆ ಖಾಯಂ. ‘ಅದರ ಮಾಲೀಕ ಯಾರು?’ ಮತ್ತು ‘ಅದೂ ಬ್ಲಾಕ್‌ಚೈನಾ?’ ಎರಡನೆಯದನ್ನು ಮೊದಲು ಮುಗಿಸಿಬಿಡೋಣ. ಅಲ್ಲ. ಅಲ್ಲಿ ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ನಾಣ್ಯವೂ ಇಲ್ಲ, ಅದರ ಗಣಿಗಾರಿಕೆಯೂ ಇಲ್ಲ. ‘ವಿಕೇಂದ್ರೀಕರಣ’, ಅಂದರೆ ಒಂದೇ ಕೇಂದ್ರದ ಹಿಡಿತ ಇಲ್ಲ, ಅಂದ ಕೂಡಲೇ ಕ್ರಿಪ್ಟೊ ನೆನಪಾಗುವುದು ಇತ್ತೀಚೆಗೆ ಹತ್ತಿಕೊಂಡ ಚಟ.

ಮೊದಲ ಪ್ರಶ್ನೆ ಮಜವಾಗಿದೆ. ಇಮೇಲ್‌ನ ಮಾಲೀಕ ಯಾರು ಅಂತ ಯಾರಾದರೂ ಕೇಳುತ್ತಾರಾ? ಜಿಮೇಲ್‌ನಿಂದ ಯಾಹೂಗೆ ಪತ್ರ ಹೋಗುತ್ತದೆ, ಅಲ್ಲಿಂದ ಯಾವುದೋ ಕಾಲೇಜಿನ ಸರ್ವರ್‌ಗೂ ಹೋಗುತ್ತದೆ. ಪತ್ರ ಹೇಗೆ ಸಾಗಬೇಕು ಅಂತ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ 1982ರಲ್ಲಿ ನಿಯಮ ಬರೆದಿಟ್ಟರು. ಎಲ್ಲರೂ ಆ ದಾರಿಯಲ್ಲೇ ನಡೆದರು, ಅಷ್ಟೇ. ಆದರೆ ಫೇಸ್‌ಬುಕ್‌ನಲ್ಲಿ ಕೂತು ಎಕ್ಸ್‌ನಲ್ಲಿರುವ ಗೆಳೆಯನನ್ನು ಫಾಲೋ ಮಾಡಲು ಆಗದಿದ್ದರೆ ನಮಗೆ ಏನೂ ಅನಿಸುವುದಿಲ್ಲ. ಇದೇನು ಪ್ರಕೃತಿ ನಿಯಮ ಅಲ್ವಲ್ಲ. ಯಾರೋ ಲೆಕ್ಕ ಹಾಕಿ ಹಾಕಿದ ಬೇಲಿ.

ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಮಾಸ್ಟೊಡಾನ್ ಹೊರತಂದಾಗ ಕೊಟ್ಟಿದ್ದು ಜಾಲತಾಣವನ್ನಷ್ಟೇ ಅಲ್ಲ, ಜಾಲತಾಣ ಕಟ್ಟುವ ಸಾಫ್ಟ್‌ವೇರನ್ನೇ. ಪುಕ್ಕಟೆ. ಬೇಕಾದವರು ತಮ್ಮ ಸರ್ವರ್‌ನಲ್ಲಿ ಹಾಕಿಕೊಂಡು ಐವತ್ತು ಜನರಿಗೋ ಐದು ಸಾವಿರ ಜನರಿಗೋ ಜಾಗ ಕೊಡಬಹುದು. ಇಂಥ ಸಾವಿರಾರು ಸರ್ವರ್‌ಗಳು ಒಂದರ ಜೊತೆ ಒಂದು ಮಾತಾಡುವುದು ಆಕ್ಟಿವಿಟಿಪಬ್ ಎಂಬ ನಿಯಮದ (ಪ್ರೋಟೊಕಾಲ್) ಪ್ರಕಾರ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಅದಕ್ಕೆ 2018ರ ಜನವರಿಯಲ್ಲಿ ಮುದ್ರೆ ಒತ್ತಿತು.

ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾಗುವುದು ‘ಪ್ರಕಟಿಸು’ ಒತ್ತಿದ ಮೇಲೆ ನಡೆಯುವ ಕೆಲಸ. ಗೀತಾ ‘ಅರಳಿಕಟ್ಟೆ’ ಎಂಬ ಸರ್ವರ್‌ನಲ್ಲಿದ್ದಾರೆ, ರಮೇಶ ‘ಕಡಲತಡಿ’ ಎಂಬ ಸರ್ವರ್‌ನಲ್ಲಿದ್ದಾರೆ ಅಂದುಕೊಳ್ಳಿ. ರಮೇಶನಿಗೆ ಗೀತಾರನ್ನು ಫಾಲೋ ಮಾಡಬೇಕು. ಆತ ಗೀತಾ@ಅರಳಿಕಟ್ಟೆ ಅಂತ ಹುಡುಕುತ್ತಾನೆ. ಕಡಲತಡಿ ನೇರ ಅರಳಿಕಟ್ಟೆಯ ಒಂದು ಗೊತ್ತಾದ ವಿಳಾಸಕ್ಕೆ ಹೋಗಿ ‘ನಿಮ್ಮಲ್ಲಿ ಗೀತಾ ಅಂತ ಇದ್ದಾರಾ?’ ಅಂತ ಕೇಳುತ್ತದೆ. ಆ ಜಾಡು ಹಿಡಿದರೆ ಅವರ ಇನ್‌ಬಾಕ್ಸ್ ವಿಳಾಸ, ಔಟ್‌ಬಾಕ್ಸ್ ವಿಳಾಸ, ಸಹಿ ತಾಳೆ ನೋಡುವ ಒಂದು ಕೀಲಿ, ಮೂರೂ ಸಿಗುತ್ತವೆ. ಕಡಲತಡಿ ಫಾಲೋ ಕೋರಿಕೆ ಕಳಿಸುತ್ತದೆ, ಅರಳಿಕಟ್ಟೆ ಒಪ್ಪಿಗೆ ಕಳಿಸುತ್ತದೆ.

ಈಗ ಗೀತಾ ‘ಹಲಸಿನ ಮರದಲ್ಲಿ ಮೊದಲ ಗುಜ್ಜೆ ಬಿಟ್ಟಿದೆ’ ಅಂತ ಬರೆದರು. ಅರಳಿಕಟ್ಟೆ ಅವರ ಫಾಲೋವರ್‌ಗಳ ಪಟ್ಟಿ ತೆಗೆದು, ಯಾರು ಯಾವ ಸರ್ವರ್‌ನಲ್ಲಿದ್ದಾರೆ ಅಂತ ವಿಂಗಡಿಸುತ್ತದೆ. ಕಡಲತಡಿಯಲ್ಲಿ ಮುನ್ನೂರು ಜನ ಇದ್ದರೂ ಮುನ್ನೂರು ಸಲ ಕಳಿಸಬೇಕಿಲ್ಲ. ಬೆಳಗಿನ ಬಸ್ಸು ಊರಿನ ಸ್ಟಾಪಿನಲ್ಲಿ ಪೇಪರ್ ಕಟ್ಟು ಎಸೆದು ಹೋಗುತ್ತದಲ್ಲ, ಹಾಗೆ. ಮನೆಮನೆಗೆ ಹಂಚುವುದು ಆ ಊರಿನ ಹುಡುಗನ ಕೆಲಸ. ಕಟ್ಟಿನ ಮೇಲೆ ಅರಳಿಕಟ್ಟೆಯ ಡಿಜಿಟಲ್ ಸಹಿ ಇರುತ್ತದೆ. ಕಡಲತಡಿ ಆಗಲೇ ಸಿಕ್ಕ ಕೀಲಿಯಿಂದ ಸಹಿ ಸರಿಯಿದೆಯಾ ನೋಡಿ, ತನ್ನಲ್ಲೇ ಒಂದು ಪ್ರತಿ ಇಟ್ಟುಕೊಂಡು ಹಂಚುತ್ತದೆ.

ಆ ಪ್ರತಿಯಲ್ಲೇ ಎಲ್ಲ ಗಮ್ಮತ್ತೂ ಇದೆ, ಎಲ್ಲ ತಲೆನೋವೂ ಇದೆ. ಗೀತಾ ಪೋಸ್ಟ್ ಅಳಿಸಿದರೆ ಅರಳಿಕಟ್ಟೆ ಎಲ್ಲ ಕಡೆಗೂ ‘ಅಳಿಸಿ’ ಅಂತ ಸಂದೇಶ ಕಳಿಸುತ್ತದೆ. ಆದರೆ ಅದು ವಿನಂತಿ. ಕೇಳದ ಸರ್ವರ್‌ನ ಕೈ ಹಿಡಿಯುವವರು ಯಾರೂ ಇಲ್ಲ. ಒಂದೇ ಪೋಸ್ಟಿಗೆ ಒಂದು ಸರ್ವರ್‌ನಲ್ಲಿ ಹನ್ನೆರಡು ಉತ್ತರ, ಇನ್ನೊಂದರಲ್ಲಿ ನಾಲ್ಕೇ ಕಾಣುವುದೂ ಇದರಿಂದಲೇ. ತನ್ನ ಬಾಗಿಲಿಗೆ ಬಂದಷ್ಟೇ ಆಯಾ ಸರ್ವರ್‌ಗೆ ಗೊತ್ತು. ಹೊಸಬರು ಇದನ್ನು ಬಗ್ ಅಂತ ಬೈಯುತ್ತಾರೆ. ಎಲ್ಲವನ್ನೂ ಬಲ್ಲ ಒಂದು ಕೇಂದ್ರ ಬೇಡ ಅಂದಮೇಲೆ ಇಷ್ಟನ್ನು ಸಹಿಸಿಕೊಳ್ಳಬೇಕು. ಕೇಂದ್ರ ಇದ್ದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2021ರ ಅಕ್ಟೋಬರ್ 4ರಂದು ಒಂದೇ ಕಂಪನಿಯ ಜಾಲದಲ್ಲಿ ತಪ್ಪು ಬದಲಾವಣೆಯಾಗಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ಮಲಗಿದವು.

‘ಯಜಮಾನ ಇಲ್ಲದ ಕಡೆ ಕಾನೂನೂ ಇರಲ್ಲ’ ಅನ್ನುವುದು ಇನ್ನೊಂದು ಮೂಢನಂಬಿಕೆ. 2019ರಲ್ಲಿ ಬಲಪಂಥೀಯ ತಾಣ ಗ್ಯಾಬ್ ಇದೇ ಸಾಫ್ಟ್‌ವೇರ್ ತೆಗೆದುಕೊಂಡು ಜಾಲಕ್ಕೆ ಇಳಿಯಿತು. ತಡೆಯಲು ಯಾರಿಗೂ ಅಧಿಕಾರ ಇರಲಿಲ್ಲ, ಸಾಫ್ಟ್‌ವೇರ್ ಎಲ್ಲರದ್ದು. ಆದರೆ ಒಂದೊಂದೇ ಸರ್ವರ್ ತನ್ನ ಬಾಗಿಲು ಹಾಕಿಕೊಂಡಿತು. ಗ್ಯಾಬ್ ಅಲ್ಲೇ ಇತ್ತು, ಅದರ ಮಾತು ಕೇಳುವವರು ಈಚೆ ಬಹಳ ಇರಲಿಲ್ಲ.

ಇದೆಲ್ಲ ಹೊಸದು ಅಂದುಕೊಳ್ಳಬೇಡಿ. 1984ರಲ್ಲಿ ಟಾಮ್ ಜೆನ್ನಿಂಗ್ಸ್ ಅಮೆರಿಕದಲ್ಲಿ ಫಿಡೋನೆಟ್ ಶುರುಮಾಡಿದರು. ಮನೆಗಳಲ್ಲಿದ್ದ ಕಂಪ್ಯೂಟರ್‌ಗಳು, ಫೋನ್ ದರ ಕಡಿಮೆ ಇರುವ ರಾತ್ರಿ ಹೊತ್ತಲ್ಲಿ, ಮೋಡೆಮ್ ಮೂಲಕ ಒಂದಕ್ಕೊಂದು ಕರೆ ಮಾಡಿ ಪತ್ರ ದಾಟಿಸುತ್ತಿದ್ದವು. ನಮ್ಮ ಬೆಂಗಳೂರೂ ಹಿಂದೆ ಬಿದ್ದಿರಲಿಲ್ಲ. ಅತುಲ್ ಚಿಟ್ನಿಸ್ ಇಲ್ಲಿ 1989ರ ಸುಮಾರಿಗೆ ಸಿಐಎಕ್ಸ್ ಎಂಬ ಬುಲೆಟಿನ್ ಬೋರ್ಡ್ (ಮೋಡೆಮ್‌ನಿಂದ ಕರೆ ಮಾಡಿ ಸಂದೇಶ ಹಾಕುವ, ಓದುವ ಜಾಗ) ನಡೆಸಲು ಶುರುಮಾಡಿದರು. ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ಕ್ಕೆ. ಅಂದರೆ ಇಂಟರ್ನೆಟ್ ಬರುವ ಮೊದಲೇ ಈ ಊರಲ್ಲಿ ಆನ್‌ಲೈನ್ ಹರಟೆ ಇತ್ತು.

ಭಾರತೀಯರು ಮಾಸ್ಟೊಡಾನ್‌ಗೆ ದಂಡಾಗಿ ನುಗ್ಗಿದ್ದು 2019ರ ನವೆಂಬರ್‌ನಲ್ಲಿ. 1936ರ ಒಂದು ಫೋಟೊ ಇದೆ. ಹ್ಯಾಂಬರ್ಗ್‌ನ ಹಡಗುಕಟ್ಟೆಯಲ್ಲಿ ಎಲ್ಲರೂ ನಾತ್ಸಿ ಸೆಲ್ಯೂಟ್ ಹೊಡೆಯುತ್ತಿದ್ದಾರೆ, ಒಬ್ಬ ಮಾತ್ರ ಕೈಕಟ್ಟಿ ನಿಂತಿದ್ದಾನೆ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅದನ್ನು ಟ್ವಿಟರ್‌ನಲ್ಲಿ ಹಾಕಿಕೊಂಡಿದ್ದರು. ದ್ವೇಷದ ಚಿತ್ರ ಅಂತ ಅಕೌಂಟ್ ಅಮಾನತಾಯಿತು. ಸಿಟ್ಟಾದವರು ಗುಂಪುಗುಂಪಾಗಿ ಹೊರಟರು. ಸ್ವಲ್ಪ ದಿನಕ್ಕೆ ಬಹಳಷ್ಟು ಜನ ವಾಪಸ್ ಬಂದರು. ತಂತ್ರಜ್ಞಾನ ಸೋತಿತು ಅಂತ ಆಗ ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗೆಳೆಯರು ಹಳೇ ಜಾಗದಲ್ಲೇ ಇದ್ದರು, ಅದಕ್ಕೆ ಯಾವ ಪ್ರೋಟೊಕಾಲ್ ಏನು ಮಾಡೀತು?

ಸಣ್ಣ ಸರ್ವರ್‌ಗಳಿಗೆ ಅವುಗಳದ್ದೇ ಕಷ್ಟ ಇದೆ. ಮಾಸ್ಟೊಡಾನ್‌ನ ಖಾಸಗಿ ಸಂದೇಶಗಳು ಗೂಢಲಿಪಿಯಲ್ಲಿ ಕೂತಿರುವುದಿಲ್ಲ, ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಖರ್ಚು ಹೆಚ್ಚಾಗಿ ದೇಣಿಗೆಯಲ್ಲಿ ನಡೆಯುತ್ತದೆ. 2023ರಲ್ಲಿ ಮಾಸ್ಟೊಡಾನ್.ಲೋಲ್ ಎಂಬ ದೊಡ್ಡ ಸರ್ವರನ್ನೇ ಮುಚ್ಚಿದರು. ಸರ್ವರ್ ಬದಲಿಸಿದರೆ ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಹಳೇ ಪೋಸ್ಟ್‌ಗಳು ಬರುವುದಿಲ್ಲ. ಹಾಗಾಗಿ ಸೇರುವ ಮೊದಲು ಮಾಸ್ಟೊಡಾನ್‌ನ ಅಧಿಕೃತ ಪಟ್ಟಿ ನೋಡಿ. ಅದರಲ್ಲಿ ಸೇರಲು ಸರ್ವರ್‌ನವರು ದಿನಾ ಬ್ಯಾಕಪ್ ತೆಗೆಯುತ್ತೇವೆ, ತುರ್ತಿಗೆ ಇನ್ನೊಬ್ಬರ ಕೈಯಲ್ಲೂ ಸರ್ವರ್‌ನ ಕೀಲಿ ಇಟ್ಟಿರುತ್ತೇವೆ, ಮುಚ್ಚುವುದಾದರೆ ಕನಿಷ್ಠ 3 ತಿಂಗಳು ಮೊದಲೇ ಹೇಳುತ್ತೇವೆ ಅಂತ ಒಪ್ಪಿರಬೇಕು.