ಟ್ಯಾಬ್ ಸತ್ತಿದೆಯೋ, ಹಸಿದಿದೆಯೋ?

‘ಆನ್‌ಲೈನ್ ಕ್ಲಾಸ್ ಮುಗಿದ ಮೇಲೆ ಬೀರುವಿನಲ್ಲಿಟ್ಟಿದ್ವಿ ಸಾರ್. ಈಗ ಆನ್ ಆಗ್ತಾನೇ ಇಲ್ಲ. ಚಾರ್ಜಿಗೆ ಹಾಕಿಯೂ ನೋಡಾಯ್ತು.’

ನನ್ನ ರಿಪೇರಿ ಅಂಗಡಿಗೆ ಟ್ಯಾಬ್ ತಂದವರನ್ನು ಎಷ್ಟು ಹೊತ್ತು ಹಾಕಿದ್ರಿ ಎಂದು ಕೇಳಿದರೆ, ಐದು ನಿಮಿಷ!

ಆಫ್ ಮಾಡಿಟ್ಟ ಟ್ಯಾಬಿನ ಬ್ಯಾಟರಿಯೂ ತಿಂಗಳುಗಟ್ಟಲೆ ಸಣ್ಣಗೆ ಸೋರುತ್ತಲೇ ಇರುತ್ತದೆ. ತುಂಬಿದಾಗ ಸುಮಾರು 4.2 ವೋಲ್ಟ್ ಇರುವ ಲಿಥಿಯಂ ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ, ಚಾರ್ಜಿಂಗ್ ನಿಯಂತ್ರಿಸುವ ಚಿಪ್ (ಚಾರ್ಜಿಂಗ್ ಐಸಿ) ಅದಕ್ಕೆ ಒಮ್ಮೆಲೇ ಪೂರ್ತಿ ಕರೆಂಟ್ ಬಿಡುವುದಿಲ್ಲ. ಬಹಳ ದಿನ ಉಪವಾಸವಿದ್ದವರಿಗೆ ಮೊದಲು ಗಂಜಿ ತಿಳಿ ಕುಡಿಸಿದ ಹಾಗೆ, ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರಬಹುದು. ನಡುನಡುವೆ ಪವರ್ ಬಟನ್ ಒತ್ತಿದರೆ ಕುಡಿದ ಗಂಜಿಯೂ ಖರ್ಚು! ಟ್ಯಾಬಿನ ಜೊತೆ ಬಂದ ಚಾರ್ಜರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿ ಒಂದೆರಡು ತಾಸು ಮುಟ್ಟದೆ ಬಿಡಿ. ಹಳೆಯ ಫೋನಿನ 5 ವಾಟ್ ಚಾರ್ಜರ್ ದೊಡ್ಡ ಬ್ಯಾಟರಿಗೆ ಸಾಲದು.

ನನ್ನ ಮೇಜಿನ ಮೇಲೆ, ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ತೋರಿಸುವ ಒಂದು ಪುಟ್ಟ ಯುಎಸ್‌ಬಿ ಮೀಟರ್ ಇದೆ. ಆ ಟ್ಯಾಬಿಗೆ ಸಿಕ್ಕಿಸಿದಾಗ ಅದು 0.08 ಆಂಪಿಯರ್ ತೋರಿಸಿತು. ಅಂದರೆ ಗಂಜಿ ಇಳಿಯುತ್ತಿದೆ. ಸೊನ್ನೆ ತೋರಿಸಿದ್ದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಚಾರ್ಜಿಂಗ್ ಪೋರ್ಟಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಅಲ್ಲಿ ಬಟ್ಟೆಯ ನಾರು, ಧೂಳು ಗಟ್ಟಿಯಾಗಿ ಕೂತಿರುವುದು ಮಾಮೂಲು. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಬಹುದು. ಸೇಫ್ಟಿ ಪಿನ್ ಮಾತ್ರ ಬೇಡ, ಶಾರ್ಟ್ ಆದರೆ ಬೋರ್ಡಿಗೇ ಪೆಟ್ಟು.

ಚಾರ್ಜ್ ಇದ್ದೂ ಏಳದಿದ್ದರೆ ಅದು ಹ್ಯಾಂಗ್ ಆಗಿರಬಹುದು. ಹಲವು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಪವರ್ ಮತ್ತು ವಾಲ್ಯೂಮ್ ಡೌನ್ ಒಟ್ಟಿಗೆ, ಹೋಮ್ ಬಟನ್ ಇರುವ ಐಪ್ಯಾಡಿನಲ್ಲಿ ಹೋಮ್ ಮತ್ತು ಮೇಲಿನ ಬಟನ್ ಒಟ್ಟಿಗೆ, ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಇದರಿಂದ ಫೋಟೊಗಳು ಹೋಗುವುದಿಲ್ಲ. ತಪ್ಪಿ ರಿಕವರಿ ಪರದೆ (ರಿಪೇರಿಗೆಂದು ಇರುವ ಮೆನು) ಬಂದು ‘ವೈಪ್ ಡೇಟಾ’, ಅಂದರೆ ಎಲ್ಲವನ್ನೂ ಅಳಿಸು, ಎಂದು ಕಂಡರೆ ಅದನ್ನು ಮಾತ್ರ ಒತ್ತಬೇಡಿ.

ಸದ್ದು ಬರುತ್ತಿದೆ, ಪರದೆ ಮಾತ್ರ ಕಪ್ಪು ಎಂದಾದರೆ ಕತ್ತಲಲ್ಲಿ ಓರೆಯಾಗಿ ಟಾರ್ಚ್ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ದೀಪ.

ಬೀರುವಿನ ಟ್ಯಾಬ್ ನಲವತ್ತು ನಿಮಿಷಕ್ಕೆ ಬ್ಯಾಟರಿ ಗುರುತು ತೋರಿಸಿತು. ಅದೇ ವಾರ ಬಂದ ಇನ್ನೊಂದರ ಪರದೆ ಒಂದು ಮೂಲೆಯಲ್ಲಿ ಮೇಲೆದ್ದಿತ್ತು. ಬ್ಯಾಟರಿ ಉಬ್ಬಿದೆ ಎಂದರ್ಥ. ಅದನ್ನು ನಾನೂ ಚಾರ್ಜಿಗೆ ಹಾಕಲಿಲ್ಲ. ನೀವೂ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಹಾಗೇ ಅಂಗಡಿಗೆ ತನ್ನಿ.