ಕುಡಿಯೂದಿಲ್ಲ ಅಂದ್ರ ಬಾಲಿಯೊಳಗ ಸಂಜಿಮುಂದ ಏನ್ ಮಾಡೂದ್ರಿ?

ಪ್ರಶ್ನೆ: ಮನಿಮಂದಿ ಎಲ್ಲಾ ಕೂಡಿ ಬಾಲಿಗೆ ಹೊಂಟೇವ್ರಿ. ಅಪ್ಪ, ಅವ್ವ, ಇಬ್ರು ಸಣ್ಣ ಹುಡುಗ್ರು ಜೋಡಿ ಅದಾರ. ಯಾರೂ ಕುಡಿಯೂದಿಲ್ಲ, ಮಾಂಸ-ಮೀನು ತಿನ್ನೂದಿಲ್ಲ. ಹಗಲಿಗೆ ಸಮುದ್ರ, ಗುಡಿ ಇದ್ದೇ ಅದಾವು. ಕತ್ತಲಾದ ಮ್ಯಾಲ ಏನ್ ಮಾಡೂದು? ಅಲ್ಲಿಂದ ತರೂವಂಥಾದ್ದು ಏನೈತಿ?
– ವಿದ್ಯಾನಗರ, ಹುಬ್ಬಳ್ಳಿಯ ಓದುಗರು

ಉತ್ತರ: ಹುಬ್ಬಳ್ಳಿ-ಧಾರವಾಡದ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ರೀಲ್ಸ್‌ನಲ್ಲಿ ಕಾಣುವ ಬೀಚ್ ಕ್ಲಬ್, ಡಿಜೆ, ಬಣ್ಣದ ದೀಪ ಎಲ್ಲ ಹೆಚ್ಚಾಗಿ ಕುಟಾ, ಸೆಮಿನ್ಯಾಕ್, ಚಾಂಗು ಎಂಬ ದಕ್ಷಿಣದ ಕಡಲತಡಿಯ ಊರುಗಳದ್ದು. ಒಳನಾಡಿನಲ್ಲಿ ಸಂಜೆಯೆಂದರೆ ಕುಣಿತ, ವಾದ್ಯ, ಆಟ. ಕುಡಿಯದವರಿಗೆ, ಅದರಲ್ಲೂ ರಾಮಾಯಣ-ಮಹಾಭಾರತ ಕೇಳಿ ಬೆಳೆದವರಿಗೆ, ಬಾಲಿಯ ರಾತ್ರಿ ಬೇರೆಯವರಿಗಿಂತ ಹೆಚ್ಚೇ ದಕ್ಕುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಆದ್ದರಿಂದ ಎಲ್ಲ ದಿನವೂ ಕಡಲತಡಿಯಲ್ಲೇ ಹೊಟೇಲ್ ಹಿಡಿಯಬೇಡಿ. ಅರ್ಧದಷ್ಟು ದಿನವನ್ನಾದರೂ ಒಳನಾಡಿನ ಊರಾದ ಉಬುದ್‌ಗೆ ಇಡಿ.

ಉಬುದ್ ಅರಮನೆಯ ಅಂಗಳದಲ್ಲಿ ಸಂಜೆ ಏಳೂವರೆಯ ಹೊತ್ತಿಗೆ ನೃತ್ಯ ಶುರುವಾಗುತ್ತದೆ. ಒಂದೊಂದು ರಾತ್ರಿ ಒಂದೊಂದು ತಂಡ. ಕಂಚಿನ ವಾದ್ಯಗಳ ಗಾಮೆಲಾನ್ ಮೇಳ ಕೂತಲ್ಲೇ ಎದೆ ನಡುಗಿಸುತ್ತದೆ. ಲೆಗೋಂಗ್ ಕುಣಿಯುವ ಹುಡುಗಿಯರ ಕಣ್ಣು ಮತ್ತು ಬೆರಳುಗಳನ್ನು ನೋಡಲಿಕ್ಕೆಂದೇ ಮುಂದಿನ ಸಾಲು ಬೇಕು, ಅರ್ಧ ತಾಸು ಮೊದಲೇ ಹೋಗಿ ಕೂಡಿ. ಹಿರಿಯರಿಗೆ ಹತ್ತಿ ಇಳಿಯುವ ತ್ರಾಸು ಇಲ್ಲಿ ಕಡಿಮೆ.

ಅದಕ್ಕಿಂತ ನನಗೆ ಹೆಚ್ಚು ಇಷ್ಟ ವಾಯಾಂಗ್ ಕುಲಿತ್, ಅಲ್ಲಿನ ತೊಗಲು ಗೊಂಬೆಯಾಟ. ಪರದೆಯ ಹಿಂದೆ ದೀಪ ಹಚ್ಚಿಕೊಂಡು ದಲಾಂಗ್ ಎಂಬ ಒಬ್ಬನೇ ಕಲಾವಿದ ಎಲ್ಲ ಗೊಂಬೆಗಳನ್ನೂ ಆಡಿಸುತ್ತಾನೆ, ಎಲ್ಲರ ದನಿಯಲ್ಲೂ ಮಾತಾಡುತ್ತಾನೆ. ಅರ್ಜುನ, ಭೀಮ ಮಾತಾಡುವುದು 'ಕವಿ' ಎಂಬ ಹಳೆಯ ಭಾಷೆಯಲ್ಲಿ, ಅದು ಅಲ್ಲಿನ ಜನಸಾಮಾನ್ಯರಿಗೂ ತಿಳಿಯದು. ತ್ವಾಲೆನ್, ಮೆರ್ದಾ ಎಂಬ ಆಳುಗಳು ಆ ಮಾತನ್ನೆಲ್ಲ ಬಾಲಿ ಭಾಷೆಗೆ ಇಳಿಸಿ, ನಡುನಡುವೆ ನಗಿಸುತ್ತಾರೆ. ನಮ್ಮ ಕಡೆಯ ಕಿಳ್ಳೇಕ್ಯಾತನನ್ನು ಬಲ್ಲ ಅಜ್ಜ-ಅಜ್ಜಿಯರಿಗೆ ಈ ಜೋಡಿಯ ಗುರುತು ಹತ್ತಲು ತಡವಾಗದು. ಉಬುದ್‌ನಲ್ಲಿ ಪ್ರವಾಸಿಗರಿಗಾಗಿ ಚಿಕ್ಕ ಆಟಗಳೂ ಇರುತ್ತವೆ, ಹೊಟೇಲಿನಲ್ಲಿ ವಿಚಾರಿಸಿ.

ಇನ್ನೊಂದು ಸಂಜೆ ಕೆಚಕ್ ಎಂಬ ಕುಣಿತಕ್ಕೆ. ದಕ್ಷಿಣದ ತುದಿಯ ಉಲುವಾಟುವಿನಲ್ಲಿ, ಸಮುದ್ರದಿಂದ ಸುಮಾರು 70 ಮೀಟರ್ ಮೇಲಿನ ಬಂಡೆಯಂಚಿನ ಗುಡಿಯ ಪಕ್ಕದಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ ನಡೆಯುತ್ತದೆ. ವಾದ್ಯ ಒಂದೂ ಇಲ್ಲ. ಗಂಡಸರ ದೊಡ್ಡ ಗುಂಪು ಸುತ್ತ ಕೂತು 'ಚಕ್ ಚಕ್ ಚಕ್' ಎನ್ನುತ್ತಲೇ ಇಡೀ ಸೀತಾಪಹರಣ ಸಾಗುತ್ತದೆ. ಕೊನೆಗೆ ಹನುಮಂತ ಉರಿಯುವ ಬೆಂಕಿಯನ್ನು ಒದ್ದು ಹೊರಬರುವಾಗ ಮಕ್ಕಳು ಬಿಟ್ಟ ಬಾಯಿ ಮುಚ್ಚುವುದಿಲ್ಲ. ಇದು ಪುರಾತನ ಕಲೆಯೆಂದು ಗೈಡ್ ಹೇಳಿದರೆ ಪೂರ್ತಿ ನಂಬಬೇಡಿ. ಮೈಮೇಲೆ ದೇವರು ಬರುವ ಸಂಘ್ಯಾಂಗ್ ಆಚರಣೆಯ ಹಾಡನ್ನು ರಾಮಾಯಣಕ್ಕೆ ಹೊಂದಿಸಿ 1930ರ ದಶಕದಲ್ಲಿ ಕಟ್ಟಿದ ಆಟವಿದು, ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಕೂಡ ಅದರಲ್ಲಿ ಕೈಜೋಡಿಸಿದ್ದ. ಅಷ್ಟು ಹೊಸತಾದರೂ ನೋಡಲೇಬೇಕಾದದ್ದು. ಐದು ಗಂಟೆಗೇ ತಲುಪಿ. ಚಾಳೀಸು, ಮೊಬೈಲ್ ಭದ್ರ, ಅಲ್ಲಿನ ಮಂಗಗಳು ಕಣ್ಣೆದುರೇ ಕಿತ್ತುಕೊಂಡು ಹೋಗುತ್ತವೆ. ಉಬುದ್‌ನಿಂದ ಹೋಗಿಬಂದು ಮಾಡಿದರೆ ಟ್ರಾಫಿಕ್‌ನಲ್ಲೇ ಜೀವ ಹಣ್ಣಾಗುತ್ತದೆ, ಆವತ್ತಿನ ವಸತಿ ದಕ್ಷಿಣದಲ್ಲೇ ಇರಲಿ.

ಮುಂದೆ ಗೆಳೆಯರ ಜೊತೆ ಕ್ಲಬ್‌ಗೆಂದು ಹೋಗುವವರಿಗೆ ಒಂದೇ ಮಾತು: 'ಅರಾಕ್' ಎಂಬ ಅಗ್ಗದ ನಾಡ ಸಾರಾಯಿ ಮುಟ್ಟಬೇಡಿ. ಮೆಥನಾಲ್ ಬೆರೆತದ್ದನ್ನು ಕುಡಿದು ಅಲ್ಲಿ ಜನ ಸತ್ತಿದ್ದಾರೆ.

ಊಟದ್ದು ನಿಜವಾದ ಪೇಚು. ತರಕಾರಿ ಪಲ್ಯದಲ್ಲೂ, ಖಾರದ ಸಂಬಾಲ್ ಚಟ್ನಿಯಲ್ಲೂ ತೆರಾಸಿ ಎಂಬ ಸಿಗಡಿಯ ಪೇಸ್ಟ್ ಅಡಗಿರುತ್ತದೆ. 'ವೆಜ್' ಎಂದಷ್ಟೇ ಹೇಳಿದರೆ ಸಾಲದು. 'ತಾನ್ಪಾ ದಾಗಿಂಗ್, ತಾನ್ಪಾ ಇಕಾನ್, ತಾನ್ಪಾ ತೆರಾಸಿ' ಎನ್ನಿ, ಅಂದರೆ ಮಾಂಸ ಬೇಡ, ಮೀನು ಬೇಡ, ತೆರಾಸಿ ಬೇಡ. ಸೋಯಾ ಕಾಳಿನ ತೆಂಪೆ ಹುರಿದದ್ದು ಎಲ್ಲೆಡೆ ಸಿಗುತ್ತದೆ, ಮಕ್ಕಳಿಗೂ ಸೇರುತ್ತದೆ.

ಖರೀದಿಗೆ ಸುಕಾವತಿ ಸಂತೆಗೆ ಬೆಳಿಗ್ಗೆಯೇ ಹೋಗಿ. ದುರ್ಗದ ಬೈಲಿನಲ್ಲಿ ಚೌಕಾಶಿ ಮಾಡಿದ ಅವ್ವನನ್ನು ಮುಂದೆ ಬಿಡಿ, ಅಲ್ಲಿ ಮೊದಲ ಬೆಲೆ ಕೊನೆಯ ಬೆಲೆಯಲ್ಲ. ಬೆಳ್ಳಿಗೆ ಚೆಲುಕ್, ಮರದ ಕೆತ್ತನೆಗೆ ಮಾಸ್ ಎಂಬ ಊರುಗಳು ಹೆಸರಾದವು. ನೇಯ್ಗೆ ಬಲ್ಲವರು ತೆಂಗಾನಾನ್ ಹಳ್ಳಿಗೆ ಹೋಗಲೇಬೇಕು. ಹಾಸು-ಹೊಕ್ಕು ಎರಡೂ ನೂಲನ್ನು ಮೊದಲೇ ಕಟ್ಟಿ ಬಣ್ಣ ಹಾಕಿ ನೇಯುವ ಗೆರಿಂಗ್ಸಿಂಗ್ ಬಟ್ಟೆ ಅಲ್ಲಿಯದು. ಗುಜರಾತಿನ ಪಾಟಣದ ಪಟೋಲಾ ಸೇರಿದಂತೆ ಜಗತ್ತಿನ ಕೆಲವೇ ಕಡೆ ಉಳಿದ ವಿದ್ಯೆ ಅದು. ದುಬಾರಿ. ಕೊಳ್ಳದಿದ್ದರೂ ಮಗ್ಗದ ಮುಂದೆ ಕೂತು ನೋಡಿ. ಪುನುಗುಬೆಕ್ಕಿನ ಹಿಕ್ಕೆಯಿಂದ ಹೆಕ್ಕಿದ ಬೀಜದ ಲುವಾಕ್ ಕಾಫಿ ಮಾತ್ರ ಬೇಡ, ಅದಕ್ಕಾಗಿ ಆ ಬೆಕ್ಕುಗಳನ್ನು ಪಂಜರದಲ್ಲಿ ಕೂಡಿಹಾಕುತ್ತಾರೆ.

ಯುಗಾದಿ ರಜೆಗೆ ಹೋಗುವವರು ಟಿಕೆಟ್ ತೆಗೆಸುವ ಮೊದಲು ನ್ಯೆಪಿಯ ತಾರೀಖು ನೋಡಿಕೊಳ್ಳಿ. ಬಾಲಿಯವರೂ ನಮ್ಮಂತೆ ಶಕವರ್ಷವನ್ನೇ ಎಣಿಸುತ್ತಾರೆ, ನ್ಯೆಪಿ ಅವರ ಹೊಸ ವರ್ಷ. 2023ರಲ್ಲಿ ಯುಗಾದಿ, ನ್ಯೆಪಿ ಎರಡೂ ಮಾರ್ಚ್ 22ರಂದೇ ಬಂದಿದ್ದವು. ಹಿಂದಿನ ಸಂಜೆ ಓಗೋ-ಓಗೋ ಎಂಬ ಭಾರಿ ರಾಕ್ಷಸ ಬೊಂಬೆಗಳ ಮೆರವಣಿಗೆ ಓಣಿ ಓಣಿಯಲ್ಲೂ ಹೊರಡುತ್ತದೆ, ಬಾಲಿಯಲ್ಲಿ ಅದಕ್ಕಿಂತ ದೊಡ್ಡ ಸಂಜೆ ಇಲ್ಲ. ಮರುದಿನ ಇಡೀ ದ್ವೀಪ ಮೌನ. ವಿಮಾನ ನಿಲ್ದಾಣವೇ 24 ತಾಸು ಬಂದ್, ಪ್ರವಾಸಿಗರೂ ಹೊಟೇಲಿನಿಂದ ಹೊರಬರುವಂತಿಲ್ಲ. ಎರಡು ದಿನ ಮೊದಲೇ ತಲುಪಿ, ಆವತ್ತಿನ ಊಟಕ್ಕೆ ತೆರಾಸಿಯಿಲ್ಲದ ಅಡುಗೆ ಮಾಡಿಕೊಡುತ್ತಾರೋ ಎಂದು ಹೊಟೇಲಿಗೆ ಬುಕಿಂಗ್ ಮಾಡುವಾಗಲೇ ಕೇಳಿಡಿ, ಏಕೆಂದರೆ ಆ ದಿನ ಹೊರಗಿನಿಂದ ಏನನ್ನೂ ತರಿಸಲಿಕ್ಕಾಗದು.