ಬಳ್ಳಿ ಕಳಿಸಿದೆ, ಹಗ್ಗ ತಲುಪಿತು

ಮೊನ್ನೆ ಚಿಕ್ಕಮಗಳೂರಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಮದುವೆ ಆಲ್ಬಂ ಡಿಸೈನ್ ಮಾಡುವವನು. ಹಿಂದಿನ ದಿನವಷ್ಟೇ ಅವನಿಗೆ ನನ್ನ ಹಳೇಬೀಡಿನ ಬಳ್ಳಿಯ ಬ್ರಷ್ ಕಳಿಸಿದ್ದೆ, ಅಂದರೆ ಫೋಟೋಶಾಪ್‌ನಲ್ಲಿ ಎಳೆದ ಕಡೆಯೆಲ್ಲ ಒಂದೇ ಚಿತ್ರವನ್ನು ಸಾಲಾಗಿ ಒತ್ತುವ ಅಚ್ಚು. "ಅಣ್ಣಾ, ಎಳೆದ್ರೆ ಬಳ್ಳಿ ಬರ್ತಿಲ್ಲ, ಕರೀ ಹಗ್ಗ ಬರ್ತಿದೆ" ಎಂದ. ಹಾಸನದ ನನ್ನ ಅಂಗಡಿಯ ಕಂಪ್ಯೂಟರ್‌ನಲ್ಲಿ ಎಳೆದು ನೋಡಿದೆ. ಲಕ್ಷಣವಾಗಿ ಬಳ್ಳಿಯೇ ಬಂತು. ಅವನಿಗೆ ಬಳಸೋಕೆ ಬರಲ್ಲ ಅಂದುಕೊಂಡೆ. ತಪ್ಪು ನನ್ನದೇ ಆಗಿತ್ತು.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಅದರ ಮೇಲೆ ಬಳ್ಳಿಯ ಪಟ್ಟಿ ಇದೆ. ಆ ಪಟ್ಟಿಯ ಒಂದು ಸುರುಳಿಯನ್ನು ನಾನೇ ಫೋಟೋ ತೆಗೆದು, ಕಪ್ಪು ಬಿಳುಪು ಮಾಡಿ, ಫೋಟೋಶಾಪ್‌ನಲ್ಲಿ 'ಡಿಫೈನ್ ಬ್ರಷ್ ಪ್ರೀಸೆಟ್' ಒತ್ತಿದ್ದೆ. ಅಲ್ಲಿಗೆ ಉಳಿಯುವುದು ಬರೀ ಅಚ್ಚು. ಒಂದು ಅಚ್ಚಿಗೂ ಇನ್ನೊಂದಕ್ಕೂ ಎಷ್ಟು ದೂರ ಅನ್ನುವುದು ಸ್ಪೇಸಿಂಗ್. ಹೊಸ ಬ್ರಷ್‌ಗೆ ಅದು ಸಾಮಾನ್ಯವಾಗಿ ಶೇ. 25 ಇರುತ್ತದೆ. ಅಂದರೆ ಸುರುಳಿ ಮೇಲೆ ಸುರುಳಿ ಬಿದ್ದು ಹಗ್ಗವಾಗುತ್ತದೆ. ನಾನು ಅದನ್ನು 100ರ ಆಚೆ ಒಯ್ದು, ಸುರುಳಿಗೆ ಸುರುಳಿ ಕೂಡುವ ತನಕ ಎಳೆದೆಳೆದು ನೋಡಿದ್ದೆ. ಗೆರೆ ತಿರುಗಿದ ಕಡೆ ಬಳ್ಳಿಯೂ ತಿರುಗಲಿ ಎಂದು ಶೇಪ್ ಡೈನಾಮಿಕ್ಸ್‌ನಲ್ಲಿ ಆ್ಯಂಗಲ್ ಕಂಟ್ರೋಲನ್ನು 'ಡೈರೆಕ್ಷನ್'ಗೆ ಇಟ್ಟಿದ್ದೆ. ಇಷ್ಟೆಲ್ಲ ಮಾಡಿ ಮತ್ತೆ 'ನ್ಯೂ ಬ್ರಷ್ ಪ್ರೀಸೆಟ್' ಎಂದು ಉಳಿಸಲೇ ಇಲ್ಲ. ಆ ಸೆಟ್ಟಿಂಗ್‌ಗಳು ನನ್ನ ಪರದೆ ಮೇಲಷ್ಟೇ ಇದ್ದವು. ಎಕ್ಸ್‌ಪೋರ್ಟ್ ಆದ, ಬ್ರಷ್‌ಗಳನ್ನು ಹಂಚುವ ಎಬಿಆರ್ ಫೈಲ್‌ನಲ್ಲಿ ಹೋದದ್ದು ಹಳೇ 25.

ಅದಕ್ಕೇ ಈಗ ಯಾವ ಬ್ರಷ್ ಕಳಿಸುವ ಮೊದಲೂ ಅದನ್ನು ಮನೆಯ ಲ್ಯಾಪ್‌ಟಾಪ್‌ಗೆ ಹಾಕಿ ಎಳೆದು ನೋಡುತ್ತೇನೆ. ಬ್ರಷ್ ಹುಟ್ಟಿದ ಕಂಪ್ಯೂಟರ್‌ನಲ್ಲಿ ಪರೀಕ್ಷೆ ಮಾಡಿದರೆ ಅದು ಪಾಸಾಗದೆ ಇನ್ನೇನು?

ಅಚ್ಚಿನಲ್ಲೂ ಎಡವಟ್ಟು ಆಗುತ್ತದೆ. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದಲ್ಲ, ಆಗ ಒಂದು ಗೊಂಚಲಿನ ಫೋಟೋ ತೆಗೆದು ಬ್ರಷ್ ಮಾಡಿದ್ದೆ. ಒತ್ತಿದರೆ ಎಲೆಗಳು ಕಪ್ಪಗೆ ಮೂಡಿದವು, ಹೂವಿದ್ದ ಜಾಗ ಖಾಲಿ. ಬ್ರಷ್‌ಗೆ ಕಪ್ಪು ಅಂದರೆ ಬಣ್ಣ, ಬಿಳಿ ಅಂದರೆ ಏನೂ ಇಲ್ಲ, ಬೂದು ಅಂದರೆ ತೆಳು ಬಣ್ಣ. ಬಿಳಿ ಹೂವನ್ನು ಮೊದಲು ಕಂಟ್ರೋಲ್ ಐ ಒತ್ತಿ ತಿರುವಿ ಹಾಕಬೇಕು. ಮಲ್ಲಿಗೆಗೂ ಅಷ್ಟೇ, ರಂಗೋಲಿಗೂ ಅಷ್ಟೇ.

ತಿರುವಿದ ಮೇಲೂ ಹಿನ್ನೆಲೆ ಪೂರ್ತಿ ಬಿಳಿಯಾಗಿದೆಯೇ ನೋಡಿ. ಕಣ್ಣಿಗೆ ಬಿಳಿ ಕಂಡರೂ ಚೂರು ಬೂದು ಉಳಿದಿರುತ್ತದೆ. ಗೊತ್ತಾಗಬೇಕಾದರೆ ಖಾಲಿ ಪುಟದಲ್ಲಿ ಒಂದೇ ಜಾಗಕ್ಕೆ ಹತ್ತು ಸಲ ಒತ್ತಿ. ಹೂವಿನ ಸುತ್ತ ಚೌಕದ ಮಸುಕು ಎದ್ದರೆ ಕಪ್ಪು ಬಿಳುಪು ಹೊಂದಿಸುವ ಲೆವೆಲ್ಸ್‌ಗೆ ಹೋಗಿ, ಬಿಳಿಯ ಗುಂಡಿಯನ್ನು ಒಳಗೆ ತಳ್ಳಿ, ಬ್ರಷ್ ಮತ್ತೆ ಮಾಡಿ. ಈ ಚೌಕ ಪರದೆಯಲ್ಲಿ ತಪ್ಪಿಸಿಕೊಂಡು ಪ್ರಿಂಟ್‌ನಲ್ಲಿ ಸಿಕ್ಕಿಬೀಳುತ್ತದೆ. ಒಂದು ಲಗ್ನಪತ್ರಿಕೆಯಲ್ಲಿ ನನಗೆ ಹಾಗೇ ಆಗಿದೆ. ಕಾರ್ಡು ವಾಪಸ್ ಬಂತು.

ಅಳತೆ ವಿಷಯದಲ್ಲಿ ದುರಾಸೆ ಬೇಡ. 2012ರಲ್ಲಿ ಬಂದ ಫೋಟೋಶಾಪ್ ಸಿಎಸ್6ನಿಂದ ಬ್ರಷ್ 5000 ಪಿಕ್ಸೆಲ್‌ವರೆಗೆ ದೊಡ್ಡದಾಗಬಹುದು, ಅದಕ್ಕೂ ಮೊದಲು ಮಿತಿ 2500 ಇತ್ತು. 5000 ಅಗಲ, 5000 ಎತ್ತರದ ಒಂದೇ ಅಚ್ಚಿಗೆ ಎರಡೂವರೆ ಕೋಟಿ ಪಿಕ್ಸೆಲ್. ಇಂಥ ನಲವತ್ತು ಹಾಕಿದರೆ ಫೈಲ್ ತೆರೆಯುವಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದು. ಪತ್ರಿಕೆಯ ಅಂಚಿನಲ್ಲಿ ಒಂದು ಇಂಚಿನ ಬಳ್ಳಿಗೆ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, 300 ಪಿಕ್ಸೆಲ್ ಸಾಕು. 72 ಡಿಪಿಐನ ಫ್ಲೆಕ್ಸ್‌ನಲ್ಲಿ ಒಂದು ಅಡಿ ಅಗಲದ ಹೂವಿಗೂ 864 ಪಿಕ್ಸೆಲ್ ಸಾಕು. ನಾನು 1000ಕ್ಕೆ ನಿಲ್ಲಿಸುತ್ತೇನೆ.

ಇನ್ನು ಕಟ್ಟು ಕಟ್ಟುವ ಕೆಲಸ. ಬ್ರಷ್ ಪ್ಯಾನಲ್‌ನಲ್ಲಿ ಬೇಕಾದವನ್ನು ಮಾತ್ರ ಆರಿಸಿ 'ಎಕ್ಸ್‌ಪೋರ್ಟ್ ಸೆಲೆಕ್ಟೆಡ್ ಬ್ರಷಸ್' ಕೊಟ್ಟರೆ ಎಬಿಆರ್ ಸಿಗುತ್ತದೆ. ಒಬ್ಬರು ತಮ್ಮ ಇಡೀ ಪಟ್ಟಿಯನ್ನೇ ಕಳಿಸಿದ್ದರು, ಬೇರೆಯವರಿಂದ ದುಡ್ಡು ಕೊಟ್ಟು ತಗೊಂಡ ಬ್ರಷ್‌ಗಳೂ ಸೇರಿ! ಎಬಿಆರ್ ಜೊತೆ ಅಚ್ಚುಗಳ ಪಿಎನ್‌ಜಿ, ಒತ್ತಿದರೆ ಹೇಗೆ ಕಾಣುತ್ತದೆ ಎಂದು ತೋರಿಸುವ ಒಂದು ಚಿತ್ರ, ನಾಲ್ಕು ಸಾಲಿನ ಟೆಕ್ಸ್ಟ್ ಫೈಲ್, ಎಲ್ಲವನ್ನೂ ಜಿಪ್ ಮಾಡಿ ಕಳಿಸುತ್ತೇನೆ. ಫೈಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡುತ್ತೇನೆ. ಕನ್ನಡದಲ್ಲಿಟ್ಟದ್ದು ಹಳೇ ಕಂಪ್ಯೂಟರ್‌ನಲ್ಲಿ ಜಿಪ್ ಬಿಚ್ಚಿದಾಗ ಗೀಚುಗೀಚಾಗಿ ಬಂದು ಬೇಜಾರಾಗಿದೆ.

ಪಿಎನ್‌ಜಿ ಯಾಕೆ ಅಂತೀರಾ? ನಮ್ಮ ಕಡೆ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಫೋಟೋಶಾಪ್ 7 ಓಡುತ್ತಿದೆ, 2002ರದ್ದು. ಹಳೇ ಕನ್ನಡ ಫಾಂಟ್‌ಗಳು ಅದರಲ್ಲಿ ಸಲೀಸು ಅಂತ ಅದನ್ನು ಬಿಟ್ಟಿಲ್ಲ. ಇವತ್ತಿನ ಎಬಿಆರ್ ಕೊಟ್ಟರೆ ಅದು ಒಪ್ಪುವುದಿಲ್ಲ. ಪಿಎನ್‌ಜಿ ಇದ್ದರೆ ಅಲ್ಲೇ ತೆರೆದು ಬ್ರಷ್ ಮಾಡಿಕೊಳ್ಳುತ್ತಾರೆ. ಸ್ಪೇಸಿಂಗ್ ಎಷ್ಟಿಡಬೇಕು ಅನ್ನುವುದು ಟೆಕ್ಸ್ಟ್ ಫೈಲ್‌ನಲ್ಲಿ ಇರುತ್ತದೆ.

ಕಾಲೇಜು ಹುಡುಗರು ಉಚಿತ ಅಂತ ಜಿಂಪ್, ಕ್ರಿಟಾ ಎಂಬ ಚಿತ್ರದ ತಂತ್ರಾಂಶ ಬಳಸುತ್ತಾರೆ. ಎರಡೂ ಎಬಿಆರ್‌ನಿಂದ ಅಚ್ಚು ತೆಗೆದುಕೊಳ್ಳುತ್ತವೆ, ಆದರೆ ತಿರುಗುವ, ಚದುರುವ ಸೆಟ್ಟಿಂಗ್ ಬರುವುದಿಲ್ಲ. ಮತ್ತೆ ಹಗ್ಗದ ಕತೆ. ಜಿಂಪ್‌ಗೆ ಅದರದೇ ಬ್ರಷ್ ಮಾದರಿಯಾದ ಜಿಬಿಆರ್ ಫೈಲ್ ಮಾಡಿ ಬ್ರಷಸ್ ಫೋಲ್ಡರ್‌ಗೆ ಹಾಕಿ ರಿಫ್ರೆಶ್ ಒತ್ತಿದರೆ ಆಯ್ತು. ಕ್ರಿಟಾಗೆ ಬ್ರಷ್‌ಗಳನ್ನೆಲ್ಲ ಒಟ್ಟು ಕಟ್ಟಿದ ಬಂಡಲ್ ಮಾಡಿ ಕೊಡುವುದು ಒಳ್ಳೆಯದು. ಅದು ಒಳಗೆ ಜಿಪ್ ಫೈಲೇ. ಪ್ರೀಸೆಟ್ ಜೊತೆ ಅದರ ಅಚ್ಚೂ ಅದರೊಳಗೆ ಇದೆಯೇ ಅಂತ ಮಾತ್ರ ನೋಡಿಕೊಳ್ಳಿ. ಐಪ್ಯಾಡ್‌ನ ಚಿತ್ರ ಬಿಡಿಸುವ ಆ್ಯಪ್ ಪ್ರೊಕ್ರಿಯೇಟ್ 2019ರ 5ನೇ ಆವೃತ್ತಿಯಿಂದ ಎಬಿಆರ್ ತೆಗೆದುಕೊಳ್ಳುತ್ತದೆ.

ಆ ಟೆಕ್ಸ್ಟ್ ಫೈಲ್‌ನ ಕೊನೇ ಸಾಲು ಹಕ್ಕಿನದು. ಹಳೇಬೀಡಿನ ಬಳ್ಳಿ ಕೆತ್ತಿದವರು ಕಾಪಿರೈಟ್ ಕೇಳಿಕೊಂಡು ಬರುವುದಿಲ್ಲ. ಅದರ ಫೋಟೋ ತೆಗೆದವರು ಬರಬಹುದು. ಹಾಗಾಗಿ ನಾನೇ ತೆಗೆದ ಫೋಟೋದಿಂದಲೇ ಅಚ್ಚು ಮಾಡುತ್ತೇನೆ. ಹೆಸರು ಹಾಕದೆಯೂ ಯಾರು ಬೇಕಾದರೂ ಬಳಸಲಿ ಅಂತಿದ್ದರೆ ಸಿಸಿ ಝೀರೋ (ಕ್ರಿಯೇಟಿವ್ ಕಾಮನ್ಸ್‌ನ ಮುಕ್ತ ಪರವಾನಗಿ) ಎಂದು ಬರೆಯುತ್ತೇನೆ, ಹೆಸರು ಬೇಕಿದ್ದರೆ ಸಿಸಿ ಬೈ. ಏನೂ ಬರೆಯದಿದ್ದರೆ ತಗೊಂಡವರು ಅದನ್ನು ಮಾರಬಹುದೋ ಬೇಡವೋ ಎಂದು ಗೊಂದಲ, ಮತ್ತೆ ಫೋನು. ದೇವರ ವಿಗ್ರಹದ ಬ್ರಷ್ ಮಾತ್ರ ನಾನು ಯಾರಿಗೂ ಕೊಡುವುದಿಲ್ಲ. ಚಪ್ಪಲಿ ಅಂಗಡಿಯ ಫ್ಲೆಕ್ಸ್‌ನಲ್ಲಿ ಅದನ್ನು ನೋಡುವ ಆಸೆ ನನಗಿಲ್ಲ.

ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಜಿಪ್ ಅನ್ನು 'ಡಾಕ್ಯುಮೆಂಟ್' ಅಂತಲೇ ಕಳಿಸಿ. ಪಿಎನ್‌ಜಿಯನ್ನು ಫೋಟೋ ಥರ ಕಳಿಸಿದರೆ ಅದು ಹಿಂಡಿಹೋಗುತ್ತದೆ, ಪಾರದರ್ಶಕ ಹಿನ್ನೆಲೆಯೂ ಉಳಿಯುವುದಿಲ್ಲ. ಚಿಕ್ಕಮಗಳೂರಿನ ಹುಡುಗನಿಗೆ ಎರಡನೇ ಸಲ ಹಾಗೇ ಕಳಿಸಿದೆ. ಸಂಜೆ ಒಂದು ಆಲ್ಬಂ ಪುಟದ ಚಿತ್ರ ಬಂತು, ಮಂಟಪದ ಸುತ್ತ ಬಳ್ಳಿ. ಮೂಲೆಯಲ್ಲಿ ತಿರುಗಿದ ಕಡೆ ಒಂದು ಎಲೆ ಸ್ವಲ್ಪ ಮುರಿದ ಹಾಗಿತ್ತು. ಅದು ಅವನ ಕೈಯದ್ದು, ನನ್ನ ಫೈಲ್‌ದಲ್ಲ.